ಗುರುಮಲ್ಲಪ್ಪನವರ ಬಾವಿ

ನಮ್ಮೂರಿಗೆ ನಲ್ಲಿ ಬಂದ ವರ್ಷವೇ ಜನ ಬಾವಿಗಳ ಬಾಯಿ ಮುಚ್ಚಿದರು. ನೀರು ಸೇದಿ ಬೇಸತ್ತು ಅಲ್ಲ, ಸದ್ದು ಕೇಳಿ ಬೇಸತ್ತು. ನಮ್ಮೂರಿನ ಬಾವಿಗಳಲ್ಲಿ ಕಾಡು ಕೇಳಿಸುತ್ತದೆ. ಊರಿಗೂ ಕಾಡಿಗೂ ನಡುವೆ ಜೋಳದ ಹೊಲಗಳಿವೆ, ಕುರುಚಲು ಬಯಲಿದೆ, ಆಮೇಲೆ ಬೆಟ್ಟದ ಸಾಲು. ಆದರೂ ಬಾವಿಕಟ್ಟೆಯ ಮೇಲೆ ಬಗ್ಗಿ ಕಿವಿಗೊಟ್ಟರೆ ಅಲ್ಲಿ ಒಣಗಿದ ಎಲೆ ಉದುರಿದ್ದೂ ಇಲ್ಲಿ ಗೊತ್ತಾಗುತ್ತದೆ. ಒಂದೊಂದು ಬಾವಿಗೆ ಕಾಡಿನ ಒಂದೊಂದು ಪಾಲು. ಅಗಸರ ಬೀದಿಯ ಬಾವಿಗೆ ಬಿದಿರು ಮೆಳೆ, ಶಾಲೆಯ ಬಾವಿಗೆ ಆನೆಗಳು ಮೀಯುವ ಕೆರೆ, ನಮ್ಮ ಹಿತ್ತಲ ಬಾವಿಗೆ ಬಂಡೆಗಳ ನಡುವಿನ ಹುಲ್ಲುಗಾವಲು. ನಾನು ಚಿಕ್ಕವಳಿದ್ದಾಗ ನಮ್ಮವ್ವ ಹಗ್ಗ ಇಳಿಬಿಡುವ ಮೊದಲು ಒಂದು ಗಳಿಗೆ ಬಗ್ಗಿ ಕೇಳಿ, "ಕಡವೆ ಹೆದರ್ಕೊಂಡವೆ, ಇವತ್ತು ದನ ಆ ಕಡೀಕೆ ಹೊಡಿಬ್ಯಾಡ" ಎಂದು ಅಪ್ಪನಿಗೆ ಹೇಳುತ್ತಿದ್ದಳು. ಬೇರೆ ಊರಿನಿಂದ ಬಂದ ಸೊಸೆಯರು ಮೊದಮೊದಲು ಕೊಡ ಬಿಟ್ಟು ಓಡುತ್ತಿದ್ದರು. ಬರಬರುತ್ತಾ ಅವರೂ ಪಳಗಿ, ಆನೆ ಘೀಳಿಟ್ಟಾಗ ಮಾತು ನಿಲ್ಲಿಸಿ, ಅದರದು ಮುಗಿದ ಮೇಲೆ ತಮ್ಮದನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದರು.

ನಲ್ಲಿಯ ನೀರೂ ಕಾಡಿನದೇ. ಬೆಟ್ಟದೊಳಗೆ ಹುಟ್ಟುವ ಕರಿಕಲ್ಲು ಹಳ್ಳಕ್ಕೆ ಕೊಳವೆ ಹಾಕಿ ಊರಿಗೆ ತಂದರು. ತಿರುಗಿಸಿದರೆ ನೀರು, ಸದ್ದಿಲ್ಲ, ಸೇದುವ ಕಷ್ಟವಿಲ್ಲ. ಒಬ್ಬರು ಬಾವಿಗೆ ಚಪ್ಪಡಿ ಎಳೆದರು, ಅವರನ್ನು ನೋಡಿ ಇನ್ನೊಬ್ಬರು ಎಳೆದರು. ಚಪ್ಪಡಿಯ ಮೇಲೆ ಕೆಲವರು ಬಟ್ಟೆ ಒಗೆದರು, ಕೆಲವರು ಹಪ್ಪಳ ಒಣಗಿಸಿದರು. ಮಕ್ಕಳಿಗೆ ಗುಬ್ಬಚ್ಚಿ, ಕಾಗೆ ಬಿಟ್ಟರೆ ಬೇರೆ ದನಿ ಗೊತ್ತಿಲ್ಲದ ಕಾಲ ಬಂತು. ನಾನು ಓದಿ ಟೀಚರಾಗಿ ನಮ್ಮೂರಿನ ಶಾಲೆಗೇ ಬಂದದ್ದು ಆ ಕಾಲದಲ್ಲಿ. ನನ್ನ ಹೆಸರು ನಾಗಮಲ್ಲಮ್ಮ. ಊರಿಗೆಲ್ಲ ಮಲ್ಲಿ ಮಿಸ್ಸು.

ಒಂದು ಬೇಸಿಗೆಯಲ್ಲಿ ಬೆಟ್ಟದ ಮೂಡಲ ಮಗ್ಗುಲು ಹಗಲೆಲ್ಲ ಉರಿಯಿತು. ಯಾರಿಗೂ ತಿಳಿಯಲಿಲ್ಲ. ಬಿಸಿಲ ಮಬ್ಬಿನಲ್ಲಿ ಹೊಗೆಯೂ ಮಬ್ಬಿನಂತೆಯೇ ಇತ್ತು. ಒಣಗಲು ಹಾಕಿದ್ದ ಮೆಣಸಿನಕಾಯಿಯ ಮೇಲೆ ಬೂದಿ ಉದುರತೊಡಗಿದಾಗಲೇ ಜನ ತಲೆ ಎತ್ತಿ ನೋಡಿದ್ದು. ಅಷ್ಟು ಹೊತ್ತಿಗೆ ಉರಿಯುವುದೆಲ್ಲ ಉರಿದಿತ್ತು. ಮೊದಲ ಮಳೆಗೆ ಬೂದಿ, ಮಣ್ಣು ಕೊಚ್ಚಿಕೊಂಡು ಬಂದು ನಲ್ಲಿಗಳಲ್ಲಿ ಮಸಿಯಂಥ ನೀರು ಬಿತ್ತು. ಮೇವು ಕಳೆದುಕೊಂಡ ಆನೆಗಳು ಜೋಳದ ಹೊಲಗಳಿಗೆ ಇಳಿದವು. ಬೆಳೆಯನ್ನು ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು.

ಅದೇ ವಾರ ತರಗತಿಯಲ್ಲಿ ಪರಿಸರದ ಪಾಠ ಬಂತು. ಪುಸ್ತಕದಲ್ಲಿ ಹಿಮಕರಡಿಯ ಚಿತ್ರವಿತ್ತು. ನಾನು ಪುಸ್ತಕ ಮಡಚಿ, "ಕಡವೆ ಹೇಗೆ ಕೂಗುತ್ತದೆ, ಯಾರಾದರೂ ಹೇಳಿ" ಎಂದೆ. ಒಬ್ಬ ಹುಡುಗ ದನದಂತೆ ಕೂಗಿದ, ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕಾಡನ್ನು ಕೇಳುತ್ತಾ ಬೆಳೆದವರ ಮೊಮ್ಮಕ್ಕಳು ಇವರು. ಇವರ ಕಿವಿಯನ್ನು ಮುಚ್ಚಿದವರು ನಾವು. ಮರುದಿನ ಬೆಳಗ್ಗೆ ನಾಲ್ಕಾರು ಗಂಡಸರನ್ನು ಕರೆತಂದು ಶಾಲೆಯ ಬಾವಿಯ ಚಪ್ಪಡಿ ಸರಿಸಿದೆ. ಮೊದಲು ಪಾಚಿಯ ವಾಸನೆ ಬಂತು. ಆಮೇಲೆ ನೀರು ಚಿಮ್ಮಿಸುವ ಸದ್ದು, ಮರಿಯಾನೆಯೊಂದರ ಕೀರಲು ದನಿ, ಅದನ್ನು ಗದರಿಸುವ ಗುಡುಗಿನಂಥ ಇನ್ನೊಂದು ದನಿ. ಮಕ್ಕಳು ಕಟ್ಟೆಯ ಸುತ್ತ ಉಸಿರು ಬಿಗಿಹಿಡಿದು ನಿಂತರು. ಆ ದಿನ ಗಂಟೆ ಹೊಡೆದರೂ ಯಾರೂ ಊಟಕ್ಕೆ ಹೋಗಲಿಲ್ಲ.

ಅಂದಿನಿಂದ ಪರಿಸರದ ಪಾಠ ಬಾವಿಕಟ್ಟೆಯ ಮೇಲೆಯೇ ನಡೆಯಿತು. ಮೊದಲು ಕಣ್ಣು ಮುಚ್ಚಿ ಕೇಳುವುದು, ಆಮೇಲೆ ಕೇಳಿದ್ದನ್ನು ಹೇಳುವುದು. ಶನಿವಾರಗಳಲ್ಲಿ ಕಾಡಿಗೆ ಕರೆದುಕೊಂಡು ಹೋಗಿ ಕೇಳಿದ್ದನ್ನು ಕಣ್ಣಿಗೆ ತೋರಿಸುತ್ತಿದ್ದೆ. ಮರದ ಹೆಸರು, ಹಳ್ಳದ ಹೆಸರು, ಬಂಡೆಯ ಹೆಸರು. ನನಗೆ ಗೊತ್ತಿಲ್ಲದ್ದನ್ನು ಕಾಡಂಚಿನಲ್ಲಿ ಕಾಡಿನ ಜನರು ಬದುಕುವ ಹಾಡಿಯ ಮುದುಕಿಯರನ್ನು ಕೇಳಿ ನಾನೂ ಮಕ್ಕಳ ಜೊತೆಯಲ್ಲೇ ಕಲಿತೆ. ಹೆತ್ತವರಲ್ಲಿ ಕೆಲವರು ಮುನಿಸಿಕೊಂಡರು. "ಬಾವಿ ಇಣುಕಕ್ಕೆ ಇಸ್ಕೂಲ್ಗೆ ಕಳಿಸ್ಬೇಕಾ ಮಿಸ್ಸು? ಲೆಕ್ಕ ಕಲ್ಸಿ" ಎಂದರು. "ಅದನ್ನೂ ಕಲಿಸುತ್ತಿದ್ದೇನೆ, ಬೇಕಾದರೆ ಪರೀಕ್ಷೆ ಮಾಡಿ" ಎಂದೆ. ಮಾಡಿದರು. ಮಕ್ಕಳು ಮರ್ಯಾದೆ ಉಳಿಸಿದರು.

ಜವನಮ್ಮ ಶಾಲೆಗೆ ಬಂದದ್ದು ಅದರ ನಂತರ, ಮಳೆ ನಿಂತು ಹುಲ್ಲು ಒಣಗತೊಡಗಿದಾಗ. ಆಡು ಮೇಯಿಸುವ ಹೆಂಗಸು, ಉದ್ದ ಕೋಲು, ಸೊಂಟಕ್ಕೆ ಸಿಕ್ಕಿಸಿದ ಕುಡುಗೋಲು. ಅವಳ ಮಗಳು ಪುಟ್ಟಗೌರಿ ನನ್ನ ತರಗತಿಯಲ್ಲಿದ್ದಳು. ಜವನಮ್ಮ ಒಳಗೆ ಬಾರದೆ ಬಾಗಿಲಲ್ಲೇ ನಿಂತು, "ನನ್ ಮಗಳಿಗೆ ಏನ ಹೇಳ್ಕೊಟ್ಟೆ ಮಿಸ್ಸು? ಹೆತ್ತವ್ವನ್ನ ಕಳ್ಳಿ ನೋಡ್ದಂಗೆ ನೋಡ್ತಾಳೆ. ಎರಡು ದಿನದಿಂದ ನಾ ಇಕ್ಕಿದ್ದ ಉಂಡಿಲ್ಲ" ಎಂದಳು.

"ನಾನೇನೂ ಹೇಳಿಲ್ಲ. ಅವಳೇ ಕೇಳಿಸಿಕೊಂಡಳು."

"ಏನ ಕೇಳಿಸ್ಕೊಂಡ್ಲು?"

ನಡೆದದ್ದು ಇಷ್ಟು. ಕೆರೆಯ ದಂಡೆಯ ಒಣಹುಲ್ಲಿಗೆ ಜವನಮ್ಮ ಬೆಂಕಿ ಇಟ್ಟಿದ್ದಳು. ಪ್ರತಿ ವರ್ಷವೂ ಇಡುತ್ತಿದ್ದಳು. ಬಾವಿಯಲ್ಲಿ ಮಕ್ಕಳಿಗೆ ಮೊದಲು ಅವಳು ಹಾಡು ಗುನುಗುವುದು ಕೇಳಿತು. ಪುಟ್ಟಗೌರಿ ಹೆಮ್ಮೆಯಿಂದ "ನಮ್ಮವ್ವ" ಎಂದಳು. ಆಮೇಲೆ ಚಟಪಟ ಸದ್ದು, ಆಮೇಲೆ ಕೌಜುಗದ ಹಕ್ಕಿಯೊಂದು ತನ್ನ ಗೂಡಿನ ಸುತ್ತ ಕಿರುಚಿಕೊಂಡದ್ದು. ನಾನು ಅದನ್ನು ಬಾಯಲ್ಲಿ ಹೇಳಲಿಲ್ಲ. ಜವನಮ್ಮನನ್ನು ಬಾವಿಯ ಹತ್ತಿರ ಕರೆದುಕೊಂಡು ಹೋದೆ. ಆ ಹಕ್ಕಿ ಇನ್ನೂ ಅಲ್ಲೇ ಸುತ್ತುತ್ತಿತ್ತು. ಅವಳು ಬಗ್ಗಿ ಬಹಳ ಹೊತ್ತು ಕೇಳಿದಳು. ಆಮೇಲೆ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಮ್ಮಪ್ಪನೂ ಇಟ್ಟ, ನಾನೂ ಇಟ್ಟೆ" ಎಂದಳು. "ಬೆಂಕಿ ಇಟ್ರೆ ಮಳೆ ಬಿದ್ದೇಟ್ಗೆ ಎಳೇ ಹುಲ್ಲು ಬತ್ತದೆ, ಆಡು ಬದುಕ್ತವೆ. ಇಡಬ್ಯಾಡ ಅಂತೀಯ, ಸರಿ. ನನ್ನ ಆಡು ಏನ ತಿನ್ಬೇಕು, ಅದ ಹೇಳು."

"ಊರನ್ನೆಲ್ಲ ಕೂರಿಸಿ ಹುಡುಕೋಣ" ಎಂದೆ.

ಊರು ಕೂತಿತು. ಜಗಳವಾಯಿತು, ಎದ್ದುಹೋದರು, ಮತ್ತೆ ಕೂತರು. ಆಡಿನವರಿಂದಲೇ ಹಾಳಾಯಿತು ಎಂದು ಹೊಲದವರು, ಕಾಡು ನುಂಗಿ ಹೊಲ ಮಾಡಿದವರು ಯಾರು ಎಂದು ಆಡಿನವರು. ಕಡೆಗೆ ಜವನಮ್ಮನೇ ಎದ್ದು, "ಹುಲ್ಲು ಹಸಿ ಇರಾಗ್ಲೇ ಕುಯ್ಕೊಂಡು ಬಣವೆ ಹಾಕಕ್ಕೆ ಪಡುವಲ ಇಳಿಜಾರು ನಮಗೆ ಬಿಡಿ. ಬೆಂಕಿ ನಾವು ಬಿಡ್ತೀವಿ" ಎಂದಳು. ಅದೇ ತೀರ್ಮಾನವಾಯಿತು. ಬೇಸಿಗೆಗೆ ಮೊದಲು ಮನೆಗೊಬ್ಬರು ಬಂದು ಬೆಟ್ಟದ ಬುಡದುದ್ದಕ್ಕೂ ತರಗು ಗುಡಿಸಿ ಬೆಂಕಿ ದಾಟದ ದಾರಿ ಮಾಡುವುದು, ಎಲ್ಲ ಬಾವಿಗಳ ಚಪ್ಪಡಿ ತೆಗೆಯುವುದು, ಹಗಲು ಹೊತ್ತು ಸರದಿಯ ಮೇಲೆ ಕೂತು ಕೇಳುವುದು ಎಂದು ಊರು ಒಪ್ಪಿತು.

ಒಪ್ಪದೆ ಉಳಿದವರು ಗುರುಮಲ್ಲಪ್ಪನವರು ಮಾತ್ರ. ಹಿಟ್ಟಿನ ಗಿರಣಿಯವರು, ವಯಸ್ಸಾದವರು, ಯಾರ ತಂಟೆಗೂ ಹೋಗದವರು. ಅವರ ಹಿತ್ತಲ ಬಾವಿಯಲ್ಲಿ ಕೇಳುವುದು ಕರಿಕಲ್ಲು ಹಳ್ಳ ಹುಟ್ಟುವ ಜಾಗ. ಊರಿನ ನೀರಿನ ಬೇರು ಅಲ್ಲಿಯೇ ಇತ್ತು. ಆ ಬಾವಿಗೆ ನಲ್ಲಿ ಬರುವ ಎಷ್ಟೋ ಮೊದಲೇ ಚಪ್ಪಡಿ ಬಿದ್ದಿತ್ತು. ಅಂಚಿಗೆ ಗಾರೆಯನ್ನೂ ಮೆತ್ತಿದ್ದರು. "ಊರಿನವೆಲ್ಲ ತೆಗೀರಿ. ಅದೊಂದು ಬ್ಯಾಡ" ಎಂದರು. ಕಾರಣ ಹೇಳಲಿಲ್ಲ. ನಾನು ಮತ್ತೆ ಮತ್ತೆ ಹೋದೆ. ಪ್ರತಿ ಸಲವೂ ಮಜ್ಜಿಗೆ ಕೊಟ್ಟರು, ಬೆಲ್ಲ ಕೊಟ್ಟರು, ಮಳೆಯ ಮಾತಾಡಿದರು, ಬಾವಿಯ ಮಾತು ಬಂದಾಗ ಗಿರಣಿಯ ಪಟ್ಟಿ ಸರಿಮಾಡಲು ಎದ್ದುಹೋದರು. ನಾನು ಬಿಡಲಿಲ್ಲ. ಒಂದು ಮಧ್ಯಾಹ್ನ ಮಜ್ಜಿಗೆಯ ಲೋಟ ಮುಟ್ಟದೆ, "ಇವತ್ತು ಕಾರಣ ಕೇಳಿಯೇ ಹೋಗುತ್ತೇನೆ. ಬಾವಿ ತೆಗೆಯಿರಿ ಎಂದು ಕೇಳುವುದಿಲ್ಲ, ಯಾಕೆ ಬೇಡ ಎಂದಷ್ಟೇ ಹೇಳಿ" ಎಂದೆ.

ಅವರು ಗಿರಣಿ ನಿಲ್ಲಿಸಿ ಬಂದು ಎದುರಿಗೆ ಕೂತರು. ಅವರ ಹೆಂಡತಿ ಕೆಂಪದೇವಮ್ಮ ಹಾಡಿಯಿಂದ ಬಂದವರು. ಒಂದು ದಿನ ಸೀಗೆಕಾಯಿ ತರಲು ಒಬ್ಬರೇ ಹೋದರು, ಸಂಜೆಯಾದರೂ ಬರಲಿಲ್ಲ. ಕಳವಳದಿಂದ ಇವರು ಬಾವಿಗೆ ಬಗ್ಗಿದಾಗ ಹೆಂಡತಿಯ ದನಿ ಕೇಳಿತು. ಬಂಡೆಯಿಂದ ಜಾರಿ ಕಾಲು ಮುರಿದುಕೊಂಡಿದ್ದರು. "ಅವಳು ಅಳಲಿಲ್ಲ ಮಿಸ್ಸು. ಮನೇಲಿ ಮಾತಾಡ್ದಂಗೇ ಮಾತಾಡಿದ್ಲು. ನಾ ಬಾವಿ ತಾವ ಇರ್ತೀನಿ ಅಂತ ಅವಳಿಗೆ ಗೊತ್ತು. ತಡಸಲು ಗುಂಡೀಲಿ ಇವ್ನಿ, ಬನ್ನಿ ಅಂದ್ಲು. ನಾ ಕೂಗಿದ್ದು ಅವಳಿಗೆ ಕೇಳಕಿಲ್ಲ, ಬಾವೀಲಿ ಅತ್ತಗಿನ ಮಾತು ಇತ್ತಗೆ ಬತ್ತದೆ ಅಷ್ಟೆ. ತಡಸಲು ಗುಂಡಿ ಎಲ್ಲದೆ ಅಂತ ಊರೆಲ್ಲ ಕೇಳ್ದೆ. ತಡಸಲು ಅಂದ್ರೆ ಮರವಾ, ಬಂಡೆಯಾ, ಒಬ್ಬರ್ಗೂ ಗೊತ್ತಿಲ್ಲ. ಒಬ್ಬ ಮೂಡಲಕ್ಕೆ ಕೈ ತೋರ್ದ, ಒಬ್ಬ ಪಡುವಲಕ್ಕೆ. ಹಾಡೀಗೆ ಆಳು ಓಡ್ಸಿದೆ, ಅವನು ತಿರುಗಿ ಬರಾಗ ಬೆಳಗಾಗಿತ್ತು. ಅಷ್ಟರಲ್ಲಿ ದನಿ ನಿಂತೋಗಿತ್ತು." ಅವರು ಹಿತ್ತಲ ಕಡೆ ನೋಡಿದರು. "ಹಾಡಿಯವರೇ ಹೊತ್ಕೊಂಡು ಬಂದ್ರು. ನಾ ಆ ಜಾಗಕ್ಕೆ ಕಾಲಿಕ್ಲಿಲ್ಲ. ಚಪ್ಪಡಿ ಎಳ್ದೆ."

ನಾನು ಮಜ್ಜಿಗೆ ಕುಡಿದು ಎದ್ದೆ. ಬಾವಿಯ ಮಾತು ಮತ್ತೆ ಎತ್ತಲಿಲ್ಲ. ಮುಂದಿನ ಶನಿವಾರ ಮಕ್ಕಳನ್ನು ಕರೆದುಕೊಂಡು ಹಾಡಿಯ ಮುದುಕಿಯೊಬ್ಬಳ ಹಿಂದೆ ನಡೆದು ತಡಸಲು ಗುಂಡಿಗೆ ಹೋದೆ. ಕರಿಕಲ್ಲು ಹಳ್ಳ ದಾಟಿ ಎಡಕ್ಕೆ ಹತ್ತಿದರೆ ಬಂಡೆಗಳ ನಡುವೆ ಒಂದು ತಗ್ಗು, ಅದರ ಸುತ್ತ ತಡಸಲು ಮರಗಳು. ಹಳ್ಳದ ಮೊದಲ ನೀರು ಅಲ್ಲಿಯೇ ಜಿನುಗುತ್ತದೆ. ಮಕ್ಕಳು ಮರದ ತೊಗಟೆ ಮುಟ್ಟಿ ನೋಡಿದರು, ಎಲೆ ಮೂಸಿದರು, ಹೋಗುವ ದಾರಿಯನ್ನು ಒಬ್ಬರಿಗೊಬ್ಬರು ಹೇಳಿಕೊಟ್ಟರು. ಪುಟ್ಟಗೌರಿ ಮನೆಗೆ ಹೋಗಿ ತಾಯಿಗೂ ಹೇಳಿದಳು. ಅವರಿಗೆ ಆ ಕಥೆ ಹೇಳಲಿಲ್ಲ.

ಬೇಸಿಗೆ ಬಂತು. ಬೆಂಕಿಯ ದಾರಿ ಗುಡಿಸಿದ್ದೆವು, ಬಣವೆಗಳು ನಿಂತಿದ್ದವು, ಬಾವಿಗಳ ಹತ್ತಿರ ಸರದಿ ನಡೆದಿತ್ತು. ಒಂದು ಮಧ್ಯಾಹ್ನ ಬಿಸಿಗಾಳಿ ಎದ್ದಿತು. ಶಾಲೆಯ ಬಾವಿಯಲ್ಲಿ ಮುಸುವ ಕೋತಿಗಳು ಬಿಡದೆ ಕೂಗತೊಡಗಿದವು. ಅಗಸರ ಬೀದಿಯಿಂದ ಒಬ್ಬಳು ಓಡಿಬಂದು, ಬಿದಿರು ಮೆಳೆಯಲ್ಲಿ ಜಿಂಕೆಗಳು ಓಡುತ್ತಿವೆ ಎಂದಳು. ಇನ್ನೊಂದು ಬಾವಿಯಲ್ಲಿ ಹಕ್ಕಿಗಳು ಹಿಂಡು ಹಿಂಡಾಗಿ ದಾಟುವ ರೆಕ್ಕೆ ಸದ್ದು. ಎಲ್ಲ ಬಾವಿಗಳಲ್ಲೂ ಓಟವೇ ಕೇಳುತ್ತಿತ್ತು, ಯಾವುದರಲ್ಲೂ ಬೆಂಕಿ ಇರಲಿಲ್ಲ. ಬೆಟ್ಟದ ಮೇಲೆ ಮಬ್ಬು ಕವಿದು ಹೊಗೆ ಯಾವ ಕಡೆಯದೆಂದು ತಿಳಿಯುತ್ತಿರಲಿಲ್ಲ. ತೆರೆಯದ ಬಾವಿ ಒಂದೇ. ಬೆಂಕಿ ಅಲ್ಲಿಯೇ ಇರಬೇಕು ಎಂದು ಎಲ್ಲರಿಗೂ ಅನ್ನಿಸಿತು. ಆದರೆ ಹಳ್ಳದ ಯಾವ ಮಗ್ಗುಲು, ಯಾವ ಕಡೆಗೆ ನುಗ್ಗುತ್ತಿದೆ, ಅದು ಗೊತ್ತಿಲ್ಲದೆ ಆ ಕಣಿವೆಗೆ ಜನರನ್ನು ಕಳಿಸುವುದೆಂದರೆ ಬೆಂಕಿಯ ಬಾಯಿಗೆ ಕಳಿಸಿದಂತೆ.

ಗಿರಣಿಯ ಮುಂದೆ ಜನ ಸೇರಿದರು. ಯಾರೋ ಜವನಮ್ಮನ ಕಡೆ ಬೆರಳು ಮಾಡಿ, "ಇಟ್ಟಿರದು ಇವಳೇ, ಇವಳನ್ನೇ ಕೇಳಿ" ಎಂದರು. ಜವನಮ್ಮನ ಮುಖ ಕೆಂಪಾಯಿತು. "ನಾ ಇಟ್ಟಿದ್ರೆ ಹೇಳ್ತಿದ್ದೆ. ಈಗ ಮಾತು ಬಿಟ್ಟು ಬೆಂಕಿ ಬಡಿಯಕ್ಕೆ ಕೊಂಬೆ ಮುರ್ಕೊಳಿ" ಎಂದು ಕುಡುಗೋಲು ಹಿಡಿದು ನಿಂತಳು. ಗುರುಮಲ್ಲಪ್ಪನವರು ಗಿರಣಿಯ ಬಾಗಿಲಲ್ಲಿ ಹಿಟ್ಟು ಮೆತ್ತಿದ ಕೈಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ನಾನು ಅವರನ್ನು ನೋಡಿದೆ. ಅವರು ಒಳಗೆ ಹೋದರು. ಬರಲಾರರೇನೋ ಅಂದುಕೊಂಡೆ. ಹಾರೆ ಹಿಡಿದು ಬಂದರು. ಹಿತ್ತಲಿಗೆ ಹೋಗಿ ತಾವೇ ಗಾರೆ ಒಡೆದರು. ನಾಲ್ಕು ಜನ ಸೇರಿ ಚಪ್ಪಡಿ ಎಳೆದರು.

ಬೆಂಕಿಯ ಸದ್ದು ಬಾವಿಯಿಂದ ಗಾಳಿಯ ಹಾಗೆ ಎದ್ದು ಬಂತು. ಗುರುಮಲ್ಲಪ್ಪನವರು ಹಿಂದೆ ಸರಿಯಲಿಲ್ಲ. ಕಟ್ಟೆಯ ಮೇಲೆ ಎರಡೂ ಕೈ ಊರಿ ಬಗ್ಗಿದರು. ಜವನಮ್ಮನೂ ಬಗ್ಗಿದಳು. "ಬಿದಿರು ಸಿಡೀತಿಲ್ಲ. ಹುಲ್ಲು ಉರೀತಾ ಅದೆ. ಹಳ್ಳದ ಆಚೆ ಮಗ್ಗುಲು, ಗಾಳಿ ಕೆಳೀಕೆ ತಳ್ತಾ ಅದೆ" ಎಂದಳು. ಬೆಂಕಿ ಇಟ್ಟು ಬೆಳೆದವಳಿಗೆ ಬೆಂಕಿಯ ನಡೆ ಗೊತ್ತಿತ್ತು. ಅವಳು ಮುಂದೆ, ಅವಳ ಹಿಂದೆ ಊರಿನ ಅರ್ಧ ಜನ, ಹಸಿ ಕೊಂಬೆ, ಕುಡುಗೋಲು, ನೆನೆಸಿದ ಗೋಣಿಚೀಲ ಹಿಡಿದು ನಡೆದರು. ಉಳಿದವರು ಕರೆ ಬಂದರೆ ಹೊರಡಲು ಹೊಲದ ಅಂಚಿನಲ್ಲಿ ನಿಂತರು. ಗುರುಮಲ್ಲಪ್ಪನವರೂ ನಾನೂ ಬಾವಿಯ ಹತ್ತಿರ ಉಳಿದೆವು. ಪುಟ್ಟಗೌರಿ ಮತ್ತು ಇನ್ನಷ್ಟು ಮಕ್ಕಳು ನಮ್ಮ ಸುತ್ತ ಇದ್ದರು.

ಕಾಯುವುದು ಕಷ್ಟವಾಯಿತು. ಬಹಳ ಹೊತ್ತಾದ ಮೇಲೆ ಬಾವಿಯಲ್ಲಿ ನಮ್ಮವರ ದನಿಗಳು ಕೇಳಿದವು. ಕೆಮ್ಮು, ಕೂಗು, ಕೊಂಬೆಯಿಂದ ಬಡಿಯುವ ಸದ್ದು. ಜವನಮ್ಮ, "ಎದುರು ಬೆಂಕಿ ಕೊಡ್ತೀನಿ, ಹಿಂದಕ್ ಸರೀರಿ" ಎಂದಳು. ಬರುವ ಬೆಂಕಿಗೆ ಉರಿಯಲು ಏನೂ ಸಿಗದಂತೆ ಅದರ ಮುಂದಿನ ಹುಲ್ಲನ್ನು ತಾನೇ ಸುಟ್ಟು ಮುಗಿಸುವ ಉಪಾಯ ಅದು. ಒಂದಷ್ಟು ಹೊತ್ತು ಸದ್ದು ಇಳಿಯಿತು. ನಾವು ಉಸಿರು ಬಿಡುವಷ್ಟರಲ್ಲಿ ಗಾಳಿ ತಿರುಗಿತು. ಬಾವಿಯಿಂದ ಜವನಮ್ಮನ ದನಿ, ಈ ಸಲ ನಮಗೆಂದೇ ಕೂಗಿದ್ದು: "ಬಾವಿ ತಾವ ಇರೋರು ಕೇಳಿ. ಬೆಂಕಿ ತಡಸಲು ಗುಂಡಿ ಕಡೀಕೆ ತಿರುಗ್ತಾ ಅದೆ. ಇಲ್ಲಿ ಜನ ಸಾಲ್ದು. ತಡಸಲು ಗುಂಡೀಗೆ ಜನ ಕಳ್ಸಿ."

ಗುರುಮಲ್ಲಪ್ಪನವರು ನನ್ನ ಕಡೆ ನೋಡಲಿಲ್ಲ, ಮಕ್ಕಳ ಕಡೆ ತಿರುಗಿದರು. "ಅದು ಎಲ್ಲದೆ, ಗೊತ್ತಾ ನಿಮಗೆ?" ಎಂದು ಕೇಳಿದರು. ತೀರಾ ಮೆಲ್ಲಗೆ ಕೇಳಿದರು. ಮಕ್ಕಳೆಲ್ಲ ಒಟ್ಟಿಗೆ ಹೇಳಿದರು. ಕರಿಕಲ್ಲು ಹಳ್ಳ ದಾಟಬೇಕು, ಎಡಕ್ಕೆ ಹತ್ತಬೇಕು, ಎರಡು ಬಂಡೆ ಒಂದಕ್ಕೊಂದು ಒರಗಿರುವ ಕಡೆ ಇಳಿಯಬೇಕು, ತೊಗಟೆ ಬೂದಿಬಣ್ಣದ್ದು, ಅದೇ ತಡಸಲು. ಅವರು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ಒಂದು ಗೋಣಿಚೀಲ ನೀರಿಗೆ ಅದ್ದಿ ಹೆಗಲ ಮೇಲೆ ಹಾಕಿಕೊಂಡರು. "ಈ ವಯಸ್ಸಿನಲ್ಲಿ ನೀವು ಬೇಡ, ದಾರಿ ಬೇರೆಯವರಿಗೆ ಹೇಳಿ" ಎಂದೆ. "ಈಗ ದಾರಿ ಸಿಕ್ತಲ್ಲ. ನಾನೇ ಹೋಯ್ತೀನಿ" ಎಂದರು. ಹೊಲದ ಅಂಚಿನಲ್ಲಿದ್ದವರನ್ನು ಕರೆದುಕೊಂಡು ಹೊರಟರು. ಅವರು ಅಷ್ಟು ಬೇಗ ನಡೆದದ್ದನ್ನು ನಾನು ಎಂದೂ ನೋಡಿರಲಿಲ್ಲ.

ಬಾವಿಯ ಹತ್ತಿರ ನಾನೂ ಮಕ್ಕಳೂ ಉಳಿದೆವು. ಬೆಂಕಿಯ ಸದ್ದು ಏರುತ್ತಲೇ ಇತ್ತು. ಪುಟ್ಟಗೌರಿ ತಾಯಿಯ ದನಿ ಕೇಳಿದಾಗೆಲ್ಲ ನನ್ನ ಕೈ ಬಿಗಿಯಾಗಿ ಹಿಡಿಯುತ್ತಿದ್ದಳು, ಕೇಳದಾಗ ಇನ್ನೂ ಬಿಗಿಯಾಗಿ. ಬಿಸಿಲು ಇಳಿಯತೊಡಗಿತು. ಆಗ ಕಲ್ಲುಗಳ ಮೇಲೆ ಬಹಳ ಹೆಜ್ಜೆಗಳ ಸದ್ದು, ಏದುಸಿರು, ನಡುವೆ ಗುರುಮಲ್ಲಪ್ಪನವರ ದನಿ. ಮನೆಯ ಅಂಗಳದಿಂದ ಒಳಗಿನವರಿಗೆ ಹೇಳುವ ಹಾಗೆ ಅವರು ಹೇಳಿದರು: "ಬಂದೆ ಕಣಮ್ಮಿ."

ಜವನಮ್ಮ, "ಇತ್ತ ಬನ್ನಿ ಬುದ್ಧಿ, ಈ ಮಗ್ಗುಲು ಬಡೀರಿ" ಎಂದಳು. ಅವರು ಹೇಳಿದ್ದು ಅವಳಿಗೆಂದೇ ಅವಳು ತಿಳಿದಿರಬೇಕು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಮಕ್ಕಳು ನನ್ನ ಮುಖ ನೋಡಿದರು. ಆಮೇಲೆ ಬಾವಿಯಲ್ಲಿ ಕೊಂಬೆ ಬಡಿಯುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಬಡಿದರು, ಬಡಿದರು, ಸೂರ್ಯ ಮುಳುಗುವ ಹೊತ್ತಿಗೆ ಬೆಂಕಿ ನಿಂತಿತು.

ಎಲ್ಲವೂ ಉಳಿಯಲಿಲ್ಲ. ಹಳ್ಳದ ಆಚೆಯ ಇಳಿಜಾರು ಪೂರ್ತಿ ಸುಟ್ಟಿತು, ತಡಸಲು ಮರಗಳಲ್ಲಿ ಕೆಲವಕ್ಕೆ ಬೆಂಕಿ ತಗುಲಿತು. ಆದರೆ ನೀರು ಜಿನುಗುವ ತಗ್ಗು ಉಳಿಯಿತು, ಹೋದವರೆಲ್ಲ ಮರಳಿ ಬಂದರು. ಗುರುಮಲ್ಲಪ್ಪನವರ ಅಂಗೈ ಸುಟ್ಟು ಗುಳ್ಳೆ ಎದ್ದಿತ್ತು. ಬೆಂಕಿ ಇಟ್ಟವರು ಯಾರೆಂದು ಕಡೆಗೂ ತಿಳಿಯಲಿಲ್ಲ. ಜವನಮ್ಮನ ಕಡೆ ಬೆರಳು ಮಾಡಿದ್ದವರೇ ಅವಳ ಆಡುಗಳನ್ನು ಅಂದು ಸಂಜೆ ಹಟ್ಟಿಗೆ ಹೊಡೆದು ತಂದಿದ್ದರು.

ಊರು ಮತ್ತೆ ಕೂತಿತು. ಸುಟ್ಟ ಇಳಿಜಾರಿನಲ್ಲಿ ಬೇಗ ಬೆಳೆಯುವ ಸಸಿ ನೆಡೋಣ ಎಂದರು ಕೆಲವರು. ಹಾಗೇ ಬಿಡಿ, ಬೇರು ಬದುಕಿದೆ, ತಾನೇ ಚಿಗುರುತ್ತದೆ ಎಂದು ಹಾಡಿಯವರು ಹೇಳಿ ಕಳಿಸಿದರು. ಹಾಗಾದರೆ ಅಲ್ಲಿಗೆ ಒಂದೇ ಒಂದು ಆಡು ಹೋಗಕೂಡದು. ಆ ಮಾತು ಬಂದಾಗ ಯಾರೂ ಜವನಮ್ಮನ ಕಡೆ ನೋಡಲಿಲ್ಲ. ಅವಳು ಕೋಲು ತೆಗೆದುಕೊಂಡು ಎದ್ದುಹೋದಳು. ಒಪ್ಪಿದಳೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

ಮೊದಲ ಮಳೆ ಬಿದ್ದ ವಾರ ನಾನು ಮಕ್ಕಳನ್ನು ಕರೆದುಕೊಂಡು ಆ ಕಡೆಗೆ ಹೋದೆ. ಕಪ್ಪು ನೆಲದ ತುಂಬ ಹುಲ್ಲು ಎದ್ದಿತ್ತು. ಅಂಥ ಎಳೆ ಹಸುರನ್ನು ನಾನು ಕಂಡಿರಲಿಲ್ಲ. ಇಳಿಜಾರಿನ ಅಂಚಿನಲ್ಲಿ ಜವನಮ್ಮನ ಆಡುಗಳು ಕತ್ತು ಚಾಚಿ, ಒಂದರ ಮೇಲೊಂದು ಬಿದ್ದು ನುಗ್ಗುತ್ತಿದ್ದವು. ವರ್ಷವೆಲ್ಲ ಒಣಹುಲ್ಲು ತಿಂದ ಆಡುಗಳು ಅವು. ಅವುಗಳಿಗೂ ಹಸುರಿಗೂ ನಡುವೆ ಜವನಮ್ಮ ಕೋಲು ಅಡ್ಡ ಹಿಡಿದು, ಮಳೆಯಲ್ಲಿ ನೆನೆಯುತ್ತಾ ನಿಂತಿದ್ದಳು. ಒಂದು ಕಡೆ ತಡೆದರೆ ಇನ್ನೊಂದು ಕಡೆ ನುಗ್ಗುತ್ತಿದ್ದವು. ಅವಳು ಆ ಕಡೆಗೂ ಓಡುತ್ತಿದ್ದಳು. ಪುಟ್ಟಗೌರಿ ನನ್ನ ಕೈ ಬಿಡಿಸಿಕೊಂಡು ಓಡಿಹೋಗಿ ತಾಯಿಯ ಪಕ್ಕದಲ್ಲಿ ಕೈ ಅಗಲಿಸಿ ನಿಂತಳು. ಉಳಿದ ಮಕ್ಕಳೂ ಓಡಿದರು. ನಾನೂ ಸೀರೆ ಎತ್ತಿ ಕಟ್ಟಿಕೊಂಡು ಹೋಗಿ ಸಾಲಿನಲ್ಲಿ ನಿಂತೆ. ಆಡುಗಳು ಬಹಳ ಹೊತ್ತು ನಮ್ಮನ್ನು ನೋಡಿದವು. ಆಮೇಲೆ ಒಂದು ತಿರುಗಿತು, ಅದರ ಹಿಂದೆ ಇನ್ನೊಂದು. "ನಾಳೆ ಮತ್ತೆ ಬತ್ತವೆ" ಎಂದಳು ಜವನಮ್ಮ, ಕೋಲನ್ನು ನೆಲಕ್ಕೆ ಊರುತ್ತಾ. "ಬರ್ಲಿ. ನಾನೂ ಬತ್ತೀನಿ."